ಕ್ಯಾಪ್ಟನ್ ಅರ್ಮಿಂದಾಗೆ ಹೆಸರಿಟ್ಟವರು

ಹವಾನಾದ ಬ್ರೆಡ್ ಅಂಗಡಿ. ಸಾಲಿನಲ್ಲಿ ಕೊನೆಯವರು ಯಾರೆಂದು ಕೇಳಿ, ಇಬ್ಬರು ಮುದುಕಿಯರ ಹಿಂದೆ ನಿಂತೆ. ಕಿವಿ ಮುಚ್ಚಿಕೊಳ್ಳುವ ಜಾಯಮಾನ ನನ್ನದಲ್ಲ.

"ಅರ್ಮಿಂದಕ್ಕಾ, ರೇಡಿಯೊ ಕೇಳಿದ್ಯಾ? ತೀರ್ಕೊಂಡ ನಿನ್ ಗಂಡ ಬರೆದ ನಾಟಕದಲ್ಲಿ ಮಂಗಳಗ್ರಹಕ್ಕೆ ಹಾರ್ತಾಳಲ್ಲ ಕ್ಯಾಪ್ಟನ್ ಅರ್ಮಿಂದಾ, ಆ ಹೆಸರು ಹಳೇ ಕಾದಂಬರೀದಂತೆ. ಯಾರೋ ಪ್ರೊಫೆಸರ್ ಹೇಳಿದ್ರು."

"ಗೊತ್ತು ಕಣೇ."

"ಇಷ್ಟು ವರ್ಷ, ಗಂಡ ಇಟ್ಟಿದ್ದು ನನ್ ಹೆಸರೇ ಅಂತ ಮೆರೆದ್ಯಲ್ಲ!"

"ನಮ್ಮಮ್ಮ ಬಸುರೀಲಿ ಚುರುಟು ಸುತ್ತೋವಾಗ, ಕಾರ್ಖಾನೇಲಿ ಕೆಲಸದೋರಿಗೆ ಅದೇ ಕಾದಂಬರಿ ಓದಿ ಹೇಳ್ತಿದ್ರು. ಅದಕ್ಕೇ ನಂಗಾ ಹೆಸರು."

"ಹಂಗಾದ್ರೆ ನಿನ್ ಗಂಡಾನೂ ಓದಿರ್ಬೇಕು."

"ಅವ್ನೆಲ್ಲಿ ಓದ್ದ! ಒಂದ್ಸಲ ನಾನೇ ಆ ಕಥೆ ಹೇಳೋಕೆ ಕೂತೆ. ಕಥೇಲಿ ಅರ್ಮಿಂದಾ ಬರೋ ಮುಂಚೇನೇ ಗೊರಕೆ ಹೊಡೆದ, ಪುಣ್ಯಾತ್ಮ."

ಇನ್ನೊಬ್ಬಳು ಪಕ್ಕಕ್ಕೆ ಸರಿದಳು.

"ನಡಿ ಕ್ಯಾಪ್ಟನ್, ಮೊದಲು ನೀನೇ ತಗೋ."

ಬ್ರೆಡ್ಡನ್ನು ಕಂಕುಳಲ್ಲಿ ಅವುಚಿಕೊಂಡು ಇಬ್ಬರೂ ಬೀದಿಯ ತಿರುವಿನಲ್ಲಿ ಮರೆಯಾದರು.