ಕಡವಿನ ದೀಪದ ಎಣ್ಣೆ

ಯುದ್ಧದ ಕಾಲ. ಪಂಚಾಯತಿ ಬೋರ್ಡಿನ ಗುಮಾಸ್ತ ಶಾಮರಾಯರು ಕುಂದಾಪುರದ ದೋಣಿಗೆ ಕಾಯುತ್ತ ಕಡವಿನಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಮೀನುಬುಟ್ಟಿಯ ಹೆಂಗಸರಿಬ್ಬರು, ಸರಸ ಮತ್ತು ಉಮಾವತಿ.

“ಸರಸಕ್ಕ, ಈ ವರ್ಷದ ಬಜೆಟ್ಟಲ್ಲ್ ಕಡವಿನ ದೀಪದ ಎಣ್ಣಿ ತೆಗ್ದ್ರಂಬ್ರ್.”

ಆ ಎಣ್ಣೆಯ ಹಣವನ್ನು ತೆಗೆದು ಕಚೇರಿಯ ಸುಣ್ಣಬಣ್ಣಕ್ಕೆ ಬರೆದಿದ್ದ ತಮ್ಮ ಕೈಯನ್ನು ಶಾಮರಾಯರು ಅಂಗವಸ್ತ್ರದೊಳಗೆ ಎಳೆದುಕೊಂಡರು.

“ಹೌದ್. ದೀಪ ಇಲ್ದೆ ನಮ್ಮನಿಯವ್ರ ದೋಣಿ ಕಲ್ಲಿಗ್ ಹೊಡ್ದ್ ಮುಳುಗಿದ್ದ್, ಅವ್ರ್ ಮತ್ತ್ ಬರ್ಲೇ ಇಲ್ಲ.”

“ಈಗ ಉಳ್ದವ್ರಿಗ್ ದಡ ಹ್ಯಾಂಗ್ ಸಿಕ್ಕತ್ತ್?”

“ಕಪ್ಪಾಪ ಹೊತ್ತಿಗೆ ನಾನ್ ಇಲ್ಲ್ ನಿತ್ಕಂಡ್ ಕೂಗ್ತೆ.”

“ಎಂತ ಅಂದೇಳಿ?”

“‘ಹ್ವಾಯ್’ ಅಂದೇಳಿ. ಗಂಡನ ಹೆಸ್ರ್ ಹೇಳುಕಾತ್ತಾ? ಅವ್ರನ್ನ್ ಹಾಂಗೇ ಕರೀತಿದ್ದೆ. ದೋಣಿಯವ್ರ್ ‘ಓ’ ಅಂದ್, ಸ್ವರ ಹಿಡ್ಕಂಡ್ ಬತ್ರ್.”

“ಎಷ್ಟ್ ದೋಣಿ?”

“ಬಪ್ದ್ ಐದ್.” ಸರಸ ಬುಟ್ಟಿ ಎತ್ತಿಕೊಂಡಳು. “‘ಓ’ ಅಂಬ್ದ್ ಆರ್.”

ದೋಣಿ ಬಂತು. ಇಬ್ಬರೂ ಹತ್ತಿದರು. ಶಾಮರಾಯರು ಏಳಲಿಲ್ಲ.