ಅಪ್ಪನ ಮುನ್ಯೇಕಾ

ಎಕ್ಸ್‌ರೇ ಕೋಣೆಯ ಹೊರಗೆ, ನನ್ನ ಪಕ್ಕದಲ್ಲಿ, ತಲೆ ನರೆತ ಅಕ್ಕ-ತಂಗಿ ಕೂತಿದ್ದರು. ಅಕ್ಕನ ಎಡ ಮಣಿಕಟ್ಟು ಊದಿತ್ತು.

"ರಸ್ತೆ ದಾಟುವಾಗ ಅಪ್ಪ ಇದನ್ನೇ ಹಿಡ್ಕೊಂಡು 'ಬಾ, ಮುನ್ಯೇಕಾ' ಅಂತಿದ್ರು," ಎಂದಳು ಅಕ್ಕ.

"ಹಡಗಲ್ಲಿ ಅಡುಗೆ ಮಾಡ್ತಾ ಕಲಿತ ಸ್ಪ್ಯಾನಿಷ್ ಅಲ್ವಾ," ಎಂದಳು ತಂಗಿ. "ನನ್ನನ್ನ ಸೆಬೋಯಾ ಅಂತಿದ್ರು. ಈರುಳ್ಳಿ."

"ಮಾತೆತ್ತಿದ್ರೆ ಅಳ್ತಿದ್ದೆ ನೀನು. ನಂಗೆ ಅಂಥ ಹೆಸರೂ ಇಲ್ಲ, ಮುನ್ಯೇಕಾ ಅಂದ್ರೆ ಬರೀ ಮಣಿಕಟ್ಟು."

"ನನ್ನ ಮೊಮ್ಮಗಳು ಈಗ ಸ್ಪ್ಯಾನಿಷ್ ಕಲೀತಿದಾಳಲ್ಲ. ಮಣಿಕಟ್ಟಿಗೂ ಗೊಂಬೆಗೂ ಅಲ್ಲಿ ಅದೊಂದೇ ಪದ ಅಂತೆ."

ಅಕ್ಕ ಊದಿದ ಕೈಯನ್ನೇ ನೋಡುತ್ತ ಕೂತಳು.

"ಯಾವಾಗ ಹೇಳಿದ್ಲು?"

"ಹೋದ ವರ್ಷ."

"ಇಷ್ಟು ದಿನ ಬಾಯಿ ಬಿಡಲಿಲ್ವಲ್ಲೇ."

"ಹೊಟ್ಟೆಕಿಚ್ಚು ಕಣಕ್ಕಾ. ನೀನು ಗೊಂಬೆ, ನಾನು ಈರುಳ್ಳಿ."

ಒಳಗಿನಿಂದ ಕರೆದರು. ತಂಗಿ ಎದ್ದು ಅಕ್ಕನ ಇನ್ನೊಂದು ಮಣಿಕಟ್ಟು ಹಿಡಿದಳು.

"ಬಾ, ಮುನ್ಯೇಕಾ."