ನಮ್ಮತ್ತೆಯ ಫೋಟೋ ಹಾಕಿದ ವೆಬ್‌ಸೈಟು

ವೇದಿಕೆಯ ಮೇಲಿರುವ ಅಧ್ಯಕ್ಷೆ ಜನಾಬಾಯಿ ಅಕ್ಕನವರೇ, ಅತಿಥಿಗಳೇ, ಮನೆಗೆಲಸ ಬೇಗ ಮುಗಿಸಿ ಚಿಕ್ಕೋಡಿಯ ಈ ಸಭಾಂಗಣ ತುಂಬಿರುವ ಗೃಹೋದ್ಯಮ ಸಂಘದ ಅಕ್ಕತಂಗಿಯರೇ, ಹಿಂದಿನ ಸಾಲಿನಲ್ಲಿ ಊಟದ ದಾರಿ ಕಾಯುತ್ತಿರುವ ಯಜಮಾನರೇ, ಸಭಿಕರೇ,

ಸಣ್ಣ ವ್ಯಾಪಾರಕ್ಕೆ ಒಳ್ಳೆಯ ವೆಬ್‌ಸೈಟು ಏಕೆ ಬೇಕು ಎಂದು ಹೇಳಲು ನನ್ನನ್ನು ಕರೆದಿದ್ದೀರಿ. ನಾನು ಕರೋಶಿಯ ದೀಪಾಲಿ. ನಮ್ಮತ್ತೆ ಶಿವಗಂಗವ್ವ ಶೇಂಗಾ ಚಟ್ನಿ ಕುಟ್ಟುತ್ತಾರೆ, ನಾನು ಮಾರುತ್ತೇನೆ. ನನಗೆ ಗೊತ್ತಿರುವಷ್ಟನ್ನೇ ಹೇಳುತ್ತೇನೆ.

ವಾಟ್ಸಾಪ್ ಸ್ಟೇಟಸ್ ಸಾಲದೇ ಎಂದು ಕೇಳುತ್ತೀರಿ. ಅದನ್ನು ನೋಡುವವರು ಯಾರು? ನಮ್ಮ ನಂಬರ್ ಇದ್ದವರು. ಅವರಿಗೆ ನಮ್ಮ ಚಟ್ನಿ ಮೊದಲೇ ಗೊತ್ತು, ಪುಕ್ಕಟೆ ತಿಂದೂ ಗೊತ್ತು. ಪುಣೆಯಲ್ಲಿ ಕುಳಿತು ಈ ಕಡೆಯ ಚಟ್ನಿ ಹುಡುಕುವವರಿಗೆ ನಾವು ಎಲ್ಲಿ ಸಿಗಬೇಕು?

ನಮಗೆ ಮೊದಲೂ ಒಂದು ವೆಬ್‌ಸೈಟು ಇತ್ತು. ನಮ್ಮ ಮಾವ ಮುರಗೆಪ್ಪನವರು ನಿಪ್ಪಾಣಿಯ ಒಬ್ಬ ಫ್ಲೆಕ್ಸ್ ಅಂಗಡಿಯವನಿಂದ ಮಾಡಿಸಿದ್ದರು. ಫ್ಲೆಕ್ಸ್ ಮಾಡುವವನು ಇನ್ನೇನು ಮಾಡುತ್ತಾನೆ? ತೆರೆದರೆ ನಡುವೆ ಕಪ್ಪು ಕನ್ನಡಕದ ಮಾವ, ಸುತ್ತ ಅವರ ತಮ್ಮಂದಿರು, ಮೇಲೆ ಕೈಮುಗಿದ ಪುಢಾರಿಗಳು, ಕೆಳಗೆ ಶುಭ ಕೋರುವವರು. ಚಟ್ನಿ ಇರಲಿಲ್ಲ, ಫೋನ್ ನಂಬರ್ ಇರಲಿಲ್ಲ, ಚಟ್ನಿ ಕುಟ್ಟುವ ಅತ್ತೆಯಂತೂ ಇರಲೇ ಇಲ್ಲ. ವರ್ಷವಾದರೂ ಒಂದು ಆರ್ಡರ್ ಬರಲಿಲ್ಲ. ನನಗೆ ಸಿಟ್ಟು ಬಂತು. ನಾನೇ ಕಲಿತು ಎಲ್ಲ ಬದಲಾಯಿಸಿದೆ. ಒಳಕಲ್ಲಿನ ಮುಂದೆ ಕುಳಿತ ಅತ್ತೆಯ ದೊಡ್ಡ ಫೋಟೋ, ಕೆಳಗೆ ಅವರ ಹೆಸರು, ಒಳಗೆ ಚಟ್ನಿಯ ದರ, ಮಾವನ ಫೋನ್ ನಂಬರ್. ಖುಷಿಯಿಂದ ಅದರ ಲಿಂಕನ್ನು ಬೀಗರ ವಾಟ್ಸಾಪ್ ಗ್ರೂಪಿಗೆ ಕಳಿಸಿ ನೀರು ತುಂಬಲು ಹೋದೆ.

ಅಕ್ಕಂದಿರೇ, ನಮ್ಮ ಭಾಗದಲ್ಲಿ ಮನೆಯ ಹೆಣ್ಣುಮಗಳ ಫೋಟೋವನ್ನು ದೊಡ್ಡದಾಗಿ, ಹೆಸರು ಬರೆದು ಹಾಕುವುದು ಯಾವಾಗ? ನಿಮಗೆ ಗೊತ್ತು. ನನಗೂ ಗೊತ್ತಿರಬೇಕಿತ್ತು.

ತಿರುಗಿ ಬರುವಷ್ಟರಲ್ಲಿ ಗ್ರೂಪಿನ ತುಂಬ "ಭಾವಪೂರ್ಣ ಶ್ರದ್ಧಾಂಜಲಿ". ಒಬ್ಬರೂ ತೆರೆದು ಓದಿರಲಿಲ್ಲ. ಫೋಟೋ ಕಂಡಿತು, ಹೆಸರು ಕಂಡಿತು, ಸಾಕಾಯಿತು. ಭೋಜದಿಂದ ಅತ್ತೆಯ ತಂಗಿ ಮಾವನಿಗೆ ಫೋನು ಮಾಡಿ ಅಳುತ್ತಿದ್ದರು: "ಭಾವಾರ, ಅಕ್ಕಗ ಏನಾತ್ರಿ? ಮೊನ್ನೆ ಮಾತಾಡಿದ್ಲಲ್ರಿ!" ಯಡೂರಿನಿಂದ ಅತ್ತೆಯ ಅಣ್ಣ ಅಣ್ಣಾಸಾಬರು ಜೀಪು ಮಾಡಿಕೊಂಡು ಹಾರ ಹಿಡಿದು ಬಂದೇಬಿಟ್ಟರು. ಅತ್ತೆ ಚಟ್ನಿ ಕುಟ್ಟುತ್ತಿದ್ದರು.

"ಬಾ ಅಣ್ಣಾ, ಚಾ ಕುಡಿ" ಎಂದರು.

ಪಾಪ, ಆ ದೊಡ್ಡವರು ಹಾರವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟರು.

ಮಾವ ಕೆಂಡವಾದರು. "ಅಪಶಕುನ ಐತಿ ಇದು. ಮೊದ್ಲ ಆ ಫೋಟೋ ತಗೀ. ನಂದ ಹಾಕು."

ಸೊಸೆ ಏನು ಮಾಡಬೇಕು ಹೇಳಿ? ತೆಗೆಯಲು ಫೋನು ಹಿಡಿದೆ. ನಮ್ಮ ಮನೆಯಲ್ಲಿ ಮಾವನಿಗೆ ಯಾರಾದರೂ ಎದುರು ಮಾತಾಡಿದ್ದನ್ನು ಕೇಳಿದವಳಲ್ಲ ನಾನು. ಆಗ ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ನನ್ನ ಕೈಯಿಂದ ಫೋನು ಇಸಿದುಕೊಂಡರು. ತಮ್ಮನ್ನು ತಾವು ಬಹಳ ಹೊತ್ತು ನೋಡಿದರು.

"ಇರ್ಲಿ ಬಿಡ್ರಿ. ನಾ ಸತ್ತ ಮ್ಯಾಲ ದೊಡ್ಡದ ಹಾಕಸ್ತೀರಿ, ಖರೆ. ಆವಾಗ ನಾ ನೋಡತೀನೇನ್ರಿ?"

ಮಾವ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಫೋಟೋ ಉಳಿಯಿತು. ನನಗೆ ಅತ್ತೆಯನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಅವರು ಆಗಲೇ ಒಳಕಲ್ಲಿನ ಮುಂದೆ ಕುಳಿತಾಗಿತ್ತು.

ಇರಲಿ, ವಿಷಯಕ್ಕೆ ಬರುತ್ತೇನೆ. ವೆಬ್‌ಸೈಟಿನಲ್ಲಿ ಮಾಡುವ ಪದಾರ್ಥ ಕಾಣಬೇಕು, ಮಾಡುವವರ ಮುಖ ಕಾಣಬೇಕು, ಕೊಟ್ಟ ನಂಬರಿಗೆ ಫೋನು ಮಾಡಿದರೆ ಯಾರಾದರೂ ಎತ್ತಬೇಕು. ಶುಭ ಕೋರುವವರು ಬೇಡ, ಅವರು ಚಟ್ನಿ ಕೊಳ್ಳುವುದಿಲ್ಲ. ಹಾಗೆಯೇ ಒಂದು ವಿನಂತಿ: ಹೊರಗೆ ಗೇಟಿಗೆ ಕಟ್ಟಿದ ಫ್ಲೆಕ್ಸಿನಲ್ಲಿ ನಮ್ಮ ಅಧ್ಯಕ್ಷೆಯ ಫೋಟೋ ಇಲ್ಲ. ಮುಂದಿನ ವರ್ಷ ಹಾಕಿಸಿ, ಅಕ್ಕ ತಾವೇ ನೋಡಲಿ.

ಮೊನ್ನೆ ಪುಣೆಯಿಂದ ಒಬ್ಬರು ಫೋನು ಮಾಡಿದ್ದರು. ನಂಬರು ಮಾವನದು, ಅವರೇ ಎತ್ತಿದರು. ಫೋಟೋದಲ್ಲಿರುವ ಅಜ್ಜಿಯೇ ಚಟ್ನಿ ಮಾಡುತ್ತಾರೆಯೇ ಎಂದು ಕೇಳಿರಬೇಕು.

"ಹೌದ್ರಿ, ಆಕೀನ ಕುಟ್ಟತಾಳ" ಎಂದರು ಮಾವ. ಒಳಗೆ ತಿರುಗಿ ನೋಡಿದರು. "ಇಲ್ಲೇ ಅದಾಳ್ರಿ, ಆರಾಮ ಅದಾಳ. ತಡೀರಿ, ಆಕೀ ಕೈಯಾಗ ಕೊಡತೀನಿ."

ಅತ್ತೆ ಇಂದು ಬಂದಿಲ್ಲ, ಆರ್ಡರ್ ಇದೆ. ಕರೆದ ಸಂಘಕ್ಕೂ, ಹಸಿದುಕೊಂಡೇ ಕೇಳಿದ ನಿಮಗೂ ನನ್ನ ಕೃತಜ್ಞತೆಗಳು. ನಮಸ್ಕಾರ.